ಮೂಗಿನ ಅಳತೆ, ಬಾವಿಯ ಅಳತೆ: ಯಾರಿಗೆ ಯಾರು ಹತ್ತಿರ?



ಒಳಮೀಸಲಾತಿ ತೀರ್ಮಾನ ಬಂದಾಗಿನಿಂದ ನಮ್ಮ ಗುಂಪುಗಳಲ್ಲಿ ಒಂದೇ ಚರ್ಚೆ. "ಅವರು ನಮಗೆ ಹತ್ತಿರದವರು, ನಮ್ಮ ಜೊತೆಗೇ ಇರಲಿ" ಅಂತ ಒಬ್ಬರು. "ಅವರೆಲ್ಲಿ, ನಾವೆಲ್ಲಿ, ಬೇರೆ ಹಾಕಿ" ಅಂತ ಇನ್ನೊಬ್ಬರು. ಹತ್ತಿರ, ದೂರ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಆದ್ರೆ ಯಾವುದರಲ್ಲಿ ಹತ್ತಿರ? ಯಾವ ಕೋಲಿನಿಂದ ಅಳೆದು ಹತ್ತಿರ? ಇದನ್ನು ಕೇಳೋರು ಕಡಿಮೆ.

ನಾನು ಬಿ.ಎ. ಓದಿ ಗುಮಾಸ್ತನಾಗಿರುವವ, ಲೆಕ್ಕದ ಮೇಷ್ಟ್ರಲ್ಲ. ಆದ್ರೆ ದಿನವಿಡೀ ಕಾಲಂ ತುಂಬೋ ಕೆಲಸ ಮಾಡಿದವನಿಗೆ ಒಂದು ವಿಷಯ ಗೊತ್ತಾಗುತ್ತೆ: ಫಾರಂನಲ್ಲಿ ಯಾವ ಕಾಲಂ ಇದೆಯೋ ಅದಷ್ಟೇ ಸರ್ಕಾರದ ಕಣ್ಣಿಗೆ ಬೀಳೋದು. ಕಾಲಂ ಇಲ್ಲದ ನೋವು ಕಡತದಲ್ಲಿ ಇರೋದಿಲ್ಲ. ಜಾತಿ ಜಾತಿಗಳ ನಡುವಿನ ದೂರ ಅಳೆಯೋ ಕೆಲಸ ಈ ದೇಶದಲ್ಲಿ ನೂರಮೂವತ್ತು ವರ್ಷದಿಂದ ನಡೀತಾ ಇದೆ. ಆ ಚರಿತ್ರೆ ಗೊತ್ತಿದ್ದರೆ ಇವತ್ತಿನ ಜಗಳದಲ್ಲಿ ಮೋಸ ಹೋಗೋದು ಕಡಿಮೆಯಾಗುತ್ತೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಮೊದಲು ಅಳೆದದ್ದು ಮೂಗು

ಹರ್ಬರ್ಟ್ ರಿಸ್ಲೆ ಅನ್ನೋ ಬ್ರಿಟಿಷ್ ಅಧಿಕಾರಿ ಬಂಗಾಳದ ಜಾತಿಗಳ ಬಗ್ಗೆ 1891ರಲ್ಲಿ ದೊಡ್ಡ ಸಂಪುಟಗಳನ್ನು ತಂದ. ಜನರನ್ನು ಸಾಲಾಗಿ ನಿಲ್ಲಿಸಿ ತಲೆ, ಮೂಗು, ಎತ್ತರ ಅಳೆಸಿದ. ಅವನ ಮುಖ್ಯ ಅಸ್ತ್ರ ಮೂಗಿನ ಸೂಚ್ಯಂಕ. ಲೆಕ್ಕ ಸುಲಭ: ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸೋದು. ಅಗಲ 40 ಮಿಲಿಮೀಟರ್, ಉದ್ದ 50 ಮಿಲಿಮೀಟರ್ ಇದ್ದರೆ ಸೂಚ್ಯಂಕ 80. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಸಪೂರ ಮೂಗು, 70ರಿಂದ 85 ಮಧ್ಯಮ, ಅದಕ್ಕೂ ಮೇಲೆ ಹೋದರೆ ಅಗಲ ಮೂಗು.

ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ರಿಸ್ಲೆ ಮುಂದೆ ಹೋಗಿ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಅಂದ. ಅಂದ್ರೆ ಅಸ್ಪೃಶ್ಯತೆಗೆ ಕಾರಣ ಊರಿನವರ ಕ್ರೌರ್ಯವಲ್ಲವಂತೆ, ನಮ್ಮ ಮುಖದಲ್ಲೇ ಇದೆಯಂತೆ! ಇದೇ ರಿಸ್ಲೆ 1901ರ ಜನಗಣತಿಯ ಕಮಿಷನರ್. ಜಾತಿಗಳನ್ನು ಸಾಮಾಜಿಕ ಸ್ಥಾನದ ಪ್ರಕಾರ ಮೇಲಿಂದ ಕೆಳಕ್ಕೆ ಪಟ್ಟಿ ಮಾಡಿಸಿದ್ದು ಆ ಗಣತಿಯಲ್ಲೇ.

ನಮ್ಮ ಕರಾವಳಿಗೂ ಇಂಥ ಪುಸ್ತಕಗಳು ಬಂದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಅಲ್ಲಿನವರ ವಿವರ 1909ರಲ್ಲಿ ಬಂದ ಥರ್ಸ್ಟನ್‌ನ ಏಳು ಸಂಪುಟಗಳಿಗೆ ಸೇರಿತು, ಇಲ್ಲಿನವರದ್ದು 1920ರಿಂದ 22ರವರೆಗೆ ಬಂದ ಎಂತೋವನ್‌ನ ಮೂರು ಸಂಪುಟಗಳಿಗೆ. ಒಂದೇ ಕಡಲು, ಒಂದೇ ತೆಂಗಿನ ಸಾಲು, ಎರಡು ಪ್ರಾಂತ್ಯ, ಎರಡು ಪುಸ್ತಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮಹಾಲನೋಬಿಸ್ ಮತ್ತು ಬಂಗಡೆ ಬುಟ್ಟಿ

1920ರಲ್ಲಿ ನಾಗಪುರದಲ್ಲಿ ವಿಜ್ಞಾನ ಕಾಂಗ್ರೆಸ್ ಸೇರಿತ್ತು. ಅಲ್ಲಿ ನೆಲ್ಸನ್ ಅನಂಡೇಲ್ ಅನ್ನೋ ವಿಜ್ಞಾನಿ, ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಲೆಕ್ಕ ಹಾಕಿ ಕೊಡಿ ಅಂತ ಪ್ರಶಾಂತಚಂದ್ರ ಮಹಾಲನೋಬಿಸರಿಗೆ ಹೇಳಿದರು. ಮಹಾಲನೋಬಿಸ್ ಭೌತಶಾಸ್ತ್ರದ ಮೇಷ್ಟ್ರು. ಮುಂದೆ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು ಇವರೇ. ಈ ಗುಂಪು ಯಾವ ಜಾತಿಗಳಿಗೆ ಹತ್ತಿರ, ಯಾವುದಕ್ಕೆ ದೂರ ಅನ್ನೋ ಪ್ರಶ್ನೆ ಅವರ ತಲೆಗೆ ಹೊಕ್ಕಿತು. ಸರಾಸರಿಗಳನ್ನು ಸುಮ್ಮನೆ ಕಳೆದು ನೋಡಿದರೆ ಉತ್ತರ ಸಿಗಲ್ಲ ಅಂತ ಅವರಿಗೆ ಗೊತ್ತಾಯಿತು.

ಯಾಕೆ ಸಿಗಲ್ಲ? ನಮ್ಮ ಕಡೆಯ ಉದಾಹರಣೆ ತಗೊಳ್ಳಿ. ಎರಡು ದೋಣಿಯಿಂದ ಎರಡು ಬುಟ್ಟಿ ಬಂಗಡೆ ಬಂತು. ಮೊದಲ ಬುಟ್ಟಿಯ ಮೀನಿನ ಸರಾಸರಿ ಉದ್ದ ಇನ್ನೊಂದಕ್ಕಿಂತ ಅರ್ಧ ಇಂಚು ಹೆಚ್ಚು. ಎರಡೂ ಬೇರೆ ಬೇರೆ ಮೀನು ಅನ್ನೋಕಾಗುತ್ತಾ? ಒಂದೇ ಬುಟ್ಟಿಯೊಳಗೇ ಮೀನಿಗೂ ಮೀನಿಗೂ ಎರಡೆರಡು ಇಂಚು ವ್ಯತ್ಯಾಸ ಇದ್ದರೆ ಆ ಅರ್ಧ ಇಂಚಿಗೆ ಬೆಲೆಯೇ ಇಲ್ಲ. ಬುಟ್ಟಿಯೊಳಗಿನ ಮೀನೆಲ್ಲ ಅಚ್ಚು ಹಾಕಿದ ಹಾಗೆ ಒಂದೇ ಅಳತೆ ಇದ್ದರೆ ಮಾತ್ರ ಅರ್ಧ ಇಂಚು ದೊಡ್ಡ ವಿಷಯ. ಅಂದ್ರೆ ಎರಡು ಗುಂಪಿನ ನಡುವಿನ ದೂರ ಎಷ್ಟು ಅಂತ ಹೇಳೋಕೆ ಮೊದಲು ಒಂದೊಂದು ಗುಂಪಿನೊಳಗೆ ಎಷ್ಟು ಹರವು ಇದೆ ಅಂತ ನೋಡಬೇಕು.

ಎರಡನೇದು: ಉದ್ದ ಇದ್ದ ಬಂಗಡೆ ತೂಕವೂ ಜಾಸ್ತಿ ಬರುತ್ತೆ. ಉದ್ದದಲ್ಲೂ ದೂರ, ತೂಕದಲ್ಲೂ ದೂರ ಅಂತ ಎರಡು ಸಲ ಎಣಿಸಿದರೆ ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಕರೆದ ಹಾಗೆ. ಒಂದಕ್ಕೊಂದು ಅಂಟಿಕೊಂಡ ಅಳತೆಗಳ ಆ ಅಂಟನ್ನು ಲೆಕ್ಕದಲ್ಲಿ ಬಿಡಿಸಬೇಕು.

ಈ ಎರಡೂ ವಿವೇಕವನ್ನು ಸೇರಿಸಿ ಅವರು ಒಂದು ಸೂತ್ರ ಮಾಡಿದರು. ಅದಕ್ಕೆ ಇವತ್ತು ಪ್ರಪಂಚವೆಲ್ಲ ಮಹಾಲನೋಬಿಸ್ ದೂರ ಅಂತ ಹೆಸರು. ಸಾಮಾನ್ಯ ರೂಪದಲ್ಲಿ ಅದು ಅಚ್ಚಾದದ್ದು 1936ರಲ್ಲಿ. ಹುಟ್ಟಿದ್ದು ಜಾತಿ ಅಳೆಯೋ ಕೆಲಸದಲ್ಲಿ ಅನ್ನೋದು ಇವತ್ತು ಅದನ್ನು ಕಂಪ್ಯೂಟರಿನಲ್ಲಿ ಬಳಸೋ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಅವರ ಲೆಕ್ಕದಲ್ಲಿ ಕಂಡದ್ದು ಇನ್ನೂ ಮುಖ್ಯ. 1925ರಲ್ಲಿ ಬಂಗಾಳದ ಜನಮಿಶ್ರಣದ ಬಗ್ಗೆ ಮಾತಾಡುತ್ತಾ ಮಹಾಲನೋಬಿಸ್ ಹೇಳಿದ್ದರ ಸಾರ ಹೀಗೆ: ಬಂಗಾಳದ ಬ್ರಾಹ್ಮಣರು ದೇಹದ ಅಳತೆಯಲ್ಲಿ ಹೊರ ಪ್ರಾಂತ್ಯದ ಬ್ರಾಹ್ಮಣರಿಗಿಂತ ಬಂಗಾಳದ್ದೇ ಬೇರೆ ಜಾತಿಗಳಿಗೆ ಹೆಚ್ಚು ಹತ್ತಿರ. 1933ರಲ್ಲಿ ರಿಸ್ಲೆಯ ಹಳೇ ಅಂಕಿಗಳನ್ನೇ ಮತ್ತೆ ತೆಗೆದು ಪರಿಷ್ಕರಿಸಿದರು.

ಈ ಕತೆಯಲ್ಲಿ ನಮ್ಮ ರಾಜ್ಯದ ನೆಲವೂ ಇದೆ. ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಇವರು ಮಹಾಲನೋಬಿಸರ ಸಂಸ್ಥೆ ಸೇರಿ, 1941ರಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ (ಇವತ್ತಿನ ಉತ್ತರ ಪ್ರದೇಶ) ಡಿ.ಎನ್. ಮಜುಂದಾರ್ ಅಳೆದು ತಂದ ಅಂಕಿಗಳ ಮೇಲೆ ಕೆಲಸ ಮಾಡಿದರು. ಮೂವರ ಹೆಸರಿನಲ್ಲಿ ವರದಿ ಬಂದದ್ದು 1949ರಲ್ಲಿ. ಮುಂದೆ ರಾವ್ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು, 2023ರಲ್ಲಿ ತೀರಿಕೊಂಡರು.

ಆ ವರದಿಯಲ್ಲಿ ಬ್ರಾಹ್ಮಣ ಗುಂಪುಗಳು ಒಂದು ಕಡೆ, ಕುಶಲಕರ್ಮಿ ಜಾತಿಗಳು ಇನ್ನೊಂದು ಕಡೆ ಗುಂಪಾಗಿ ಕಂಡವು. "ನೋಡಿ, ದೂರ ಇದೆಯಲ್ಲ, ರಿಸ್ಲೆ ಹೇಳಿದ್ದೇ ಸರಿ" ಅಂತ ಯಾರಾದ್ರೂ ವಾದಿಸಬಹುದು. ಅವರಿಗೆ ಎರಡು ಮಾತು.

ಒಂದು, ತಮ್ಮೊಳಗೇ ಮದುವೆ ಮಾಡಿಕೊಳ್ಳುತ್ತಾ ನೂರಾರು ವರ್ಷ ಬೇಲಿ ಹಾಕಿಕೊಂಡರೆ ಗುಂಪುಗಳ ನಡುವೆ ಸ್ವಲ್ಪ ದೂರ ಹುಟ್ಟಿಯೇ ಹುಟ್ಟುತ್ತೆ. ಬೇಲಿ ಮೊದಲು, ದೂರ ಆಮೇಲೆ. ಒಳಮದುವೆಯೇ ಜಾತಿಯ ಮೂಲ ಯಂತ್ರ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ತೋರಿಸಿದ್ದರು.

ಎರಡು, ಮಹಾಲನೋಬಿಸ್ ದೂರಕ್ಕೆ ಮೇಲು ಕೀಳು ಇಲ್ಲ. 'ಅ' ಗುಂಪಿನಿಂದ 'ಆ' ಗುಂಪಿಗೆ ಎಷ್ಟು ದೂರವೋ 'ಆ'ದಿಂದ 'ಅ'ಗೂ ಅಷ್ಟೇ. ಭಟ್ಕಳದಿಂದ ಹೊನ್ನಾವರಕ್ಕೆ ಎಷ್ಟು ಕಿಲೋಮೀಟರೋ ಹೊನ್ನಾವರದಿಂದ ಭಟ್ಕಳಕ್ಕೂ ಅಷ್ಟೇ ಇರೋ ಹಾಗೆ. ಜಾತಿಯ ದೂರ ಹಾಗಿಲ್ಲ. ಗದ್ದೆ ಧಣಿ ನಮ್ಮ ಕೇರಿಗೆ ಬಂದು ಅಂಗಳದಲ್ಲಿ ನಿಂತು ಕೆಲಸಕ್ಕೆ ಕರೀಬಹುದು. ನಾವು ಅವರ ಅಡುಗೆಮನೆ ಹೊಸ್ತಿಲು ದಾಟೋ ಹಾಗಿಲ್ಲ. ಅತ್ತಿಂದ ಇತ್ತ ನಾಲ್ಕು ಹೆಜ್ಜೆ, ಇತ್ತಿಂದ ಅತ್ತ ಎಷ್ಟು ತಲೆಮಾರು ನಡೆದರೂ ಮುಗಿಯದ ದಾರಿ. ಬಾಬಾಸಾಹೇಬರು ಇದನ್ನೇ ಶ್ರೇಣೀಕೃತ ಅಸಮಾನತೆ ಅಂದದ್ದು. ಇದನ್ನು ಮೂಗು ಅಳೆಯೋ ಇಕ್ಕಳದಿಂದ ಅಳೆಯೋಕಾಗಲ್ಲ.

1936: ಒಂದೇ ವರ್ಷ, ಮೂರು ಕಾಗದ

1936ರ ಏಪ್ರಿಲ್ 30ರಂದು ಬ್ರಿಟಿಷ್ ಸರ್ಕಾರ ಪರಿಶಿಷ್ಟ ಜಾತಿಗಳ ಆದೇಶ ಹೊರಡಿಸಿತು. ನಮ್ಮ ಕೈಯಲ್ಲಿರೋ ಸರ್ಟಿಫಿಕೇಟಿನ ಅಜ್ಜ ಅದು. ಅದೇ ವರ್ಷ ಮಹಾಲನೋಬಿಸರ ಪ್ರಬಂಧ. ಅದೇ ವರ್ಷ ಬಾಬಾಸಾಹೇಬರ 'ಜಾತಿ ವಿನಾಶ'. ಮೂರೂ ಕೇಳಿದ್ದು ಒಂದೇ ಪ್ರಶ್ನೆಯ ಮೂರು ಮುಖ: ಈ ದೇಶದಲ್ಲಿ ಯಾರಿಂದ ಯಾರು ಎಷ್ಟು ದೂರ?

'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ರಕ್ತದ ವಾದವನ್ನು ನೇರವಾಗಿ ಎತ್ತಿಕೊಳ್ಳುತ್ತಾರೆ. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಜನಾಂಗದಲ್ಲಿ ಒಂದೇ, ಮದ್ರಾಸಿನ ಬ್ರಾಹ್ಮಣನೂ ಮದ್ರಾಸಿನ ಪರೆಯನೂ ಒಂದೇ ಅನ್ನೋದು ಅವರ ಮಾತಿನ ಸಾರ. 1948ರಲ್ಲಿ ಬಂದ ಅಸ್ಪೃಶ್ಯರ ಮೂಲದ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಘುರ್ಯೆಯವರ ಪುಸ್ತಕದಲ್ಲಿದ್ದ ಮೂಗಿನ ಸೂಚ್ಯಂಕದ ಅಂಕಿಗಳನ್ನೇ ಹಿಡಿದು, ಪ್ರಾಂತ್ಯ ಪ್ರಾಂತ್ಯಕ್ಕೆ ಬ್ರಾಹ್ಮಣ ಮತ್ತು ಅಸ್ಪೃಶ್ಯರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ದೇಹ ಅಳೆಯೋ ಈ ವಿದ್ಯೆಯನ್ನು ನೀವು ನಂಬೋದಾದರೆ, ಅದೇ ವಿದ್ಯೆ ಅಸ್ಪೃಶ್ಯರು ಬೇರೆ ಜನಾಂಗ ಅನ್ನೋದನ್ನು ಸುಳ್ಳು ಮಾಡುತ್ತೆ ಅಂತ ವಾದಿಸಿದರು. ಎದುರಾಳಿಯ ಕೋಲು ಕಿತ್ತುಕೊಂಡು ಎದುರಾಳಿಯನ್ನೇ ಅಳೆದ ಕೆಲಸ ಅದು.

ಹಾಗಾದ್ರೆ ಪರಿಶಿಷ್ಟರ ಪಟ್ಟಿ ಯಾವ ಅಳತೆಯಿಂದ ಆಯಿತು? ಮೂಗಿನಿಂದ ಅಲ್ಲ. 1911ರ ಗಣತಿಗೆ ಹತ್ತು ಪರೀಕ್ಷೆಗಳನ್ನು ಇಟ್ಟಿದ್ದರು. ಬ್ರಾಹ್ಮಣ ಪುರೋಹಿತ ಬರ್ತಾನಾ, ದೇವಸ್ಥಾನದೊಳಗೆ ಬಿಡ್ತಾರಾ, ದನದ ಮಾಂಸ ತಿಂತಾರಾ, ಹೆಣ ಹೂಳ್ತಾರಾ, ಹೀಗೆ. ಅದರಲ್ಲೊಂದು, ಮುಟ್ಟಿದರೆ ಅಥವಾ ಇಷ್ಟು ದೂರದೊಳಗೆ ಬಂದರೆ ಮೈಲಿಗೆಯಾಗುತ್ತಾ ಅನ್ನೋದು. ಸರ್ಕಾರಿ ಫಾರಂನಲ್ಲೇ 'ದೂರ' ಅನ್ನೋ ಶಬ್ದ ಬಂದಿತ್ತು! 1931ರ ಗಣತಿಯಲ್ಲಿ ಕಮಿಷನರ್ ಹಟ್ಟನ್ ಇನ್ನೂ ಬಿಗಿ ಪ್ರಶ್ನೆಗಳನ್ನಿಟ್ಟ: ಬೇರೆಯವರಿಗೆ ಕ್ಷೌರ ಮಾಡೋ ಕ್ಷೌರಿಕ ಇವರಿಗೂ ಮಾಡ್ತಾನಾ? ಇವರ ಕೈಯಿಂದ ಸವರ್ಣರು ನೀರು ತಗೊಳ್ತಾರಾ? ರಸ್ತೆ, ದೋಣಿ, ಬಾವಿ, ಶಾಲೆ ಇವರಿಗೆ ತೆರೆದಿದೆಯಾ? ಈ ದಾರಿಯಲ್ಲೇ 1936ರ ಪಟ್ಟಿ ಹುಟ್ಟಿತು.

ನಾನು ಬಾವಿಯ ಅಳತೆ ಅನ್ನೋದು ಇದಕ್ಕೆ. ಇದು ದೇಹ ಅಳೆಯಲ್ಲ, ದೇಹದ ಮೇಲೆ ಹಾಕಿದ ತಡೆ ಅಳೆಯುತ್ತೆ. ಇದಕ್ಕೆ ದಿಕ್ಕು ಇದೆ. ಯಾರು ಯಾರನ್ನು ತಡೀತಾರೆ ಅಂತ ಹೇಳುತ್ತೆ. ಮಹಾಲನೋಬಿಸ್ ಭಾಷಣ ಮಾಡಿದ 1925ರಲ್ಲೇ ಅಮೆರಿಕದಲ್ಲಿ ಎಮರಿ ಬೊಗಾರ್ಡಸ್ ಅನ್ನೋ ಸಮಾಜಶಾಸ್ತ್ರಜ್ಞ ಇಂಥದ್ದೇ ಒಂದು ಏಣಿ ಮಾಡಿದ್ದ. ಈ ಗುಂಪಿನವರನ್ನು ಮದುವೆಯಲ್ಲಿ ಬಂಧುವಾಗಿ ಒಪ್ಪುತ್ತೀಯಾ? ಗೆಳೆಯನಾಗಿ? ನಿನ್ನ ಬೀದಿಯಲ್ಲಿ ನೆರೆಯವನಾಗಿ? ಜೊತೆ ಕೆಲಸದವನಾಗಿ? ಹೀಗೆ ಏಳು ಮೆಟ್ಟಿಲು, ಕೊನೆಯದು ದೇಶದಿಂದಲೇ ಹೊರಗೆ.

ಈ ಏಣಿ ಇಟ್ಟು ಇವತ್ತಿನ ಭಾರತ ನೋಡಿ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಸುಮಾರು 27% ಮನೆಗಳು ತಾವು ಯಾವುದೋ ರೂಪದಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಅಂತ ಬಾಯಿಬಿಟ್ಟು ಒಪ್ಪಿಕೊಂಡವು. ಜಾತಿ ದಾಟಿದ ಮದುವೆ ಸುಮಾರು 5%. ಮೂಗಿನ ಅಳತೆಯಲ್ಲಿ ಅಕ್ಕಪಕ್ಕ ಇದ್ದವರು ಬಾವಿಯ ಅಳತೆಯಲ್ಲಿ, ಮದುವೆ ಚಪ್ಪರದ ಅಳತೆಯಲ್ಲಿ ಎಲ್ಲೋ ಇದ್ದಾರೆ. "ಎಲ್ಲರ ರಕ್ತವೂ ಕೆಂಪೇ" ಅಂತ ಭಾಷಣ ಮಾಡೋರಿಗೆ ಇದೇ ಉತ್ತರ. ರಕ್ತ ಕೆಂಪೇ ಸ್ವಾಮಿ, ನೀರಿನ ಕೊಡದ ಬಗ್ಗೆ ಮಾತಾಡಿ.

0.2ರ ಜಗಳ

ಕರ್ನಾಟಕದ ಮೀಸಲಾತಿ ಚರಿತ್ರೆಯಲ್ಲಿ ಹತ್ತಿರ-ದೂರದ ಲೆಕ್ಕ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಇದೆ. ಆಗಿನ ಮೈಸೂರು ರಾಜ್ಯ 1960ರಲ್ಲಿ ನಾಗನಗೌಡ ಸಮಿತಿ ನೇಮಿಸಿತು. ಸಮಿತಿ ಹಿಡಿದ ಕೋಲು: ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಆ ಜಾತಿಯ ಪ್ರತಿ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳು? ರಾಜ್ಯದ ಸರಾಸರಿ 6.9 ಬಂತು. ಲಿಂಗಾಯತರ ಸರಾಸರಿ 7.1. ಆದ್ರೂ 1962ರ ಸರ್ಕಾರಿ ಆದೇಶದಲ್ಲಿ ಅವರೂ ಹಿಂದುಳಿದವರ ಪಟ್ಟಿಯಲ್ಲಿದ್ದರು. ಎಲ್ಲ ಸೇರಿ ಮೀಸಲಾತಿ 68% ಆಗಿತ್ತು.

ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 50%ರ ಗೆರೆಯ ಮಾತು ಅಲ್ಲಿಂದ ಶುರು. ಇವತ್ತೂ ನಮ್ಮ ಕುತ್ತಿಗೆಗೆ ಸುತ್ತಿಕೊಂಡಿರೋ ಆ ಗೆರೆಯ ಬಗ್ಗೆ ಬೇರೆ ಪೋಸ್ಟ್ ಬರೀಬೇಕು. ಆದ್ರೆ ಅದೇ ತೀರ್ಪಿನ ಇನ್ನೊಂದು ಮಾತು ನಮಗೆ ಉಪಯೋಗದ್ದು: ಸರಾಸರಿಯ ಆಸುಪಾಸಿನಲ್ಲಿ ಇರೋರನ್ನು ಹಿಂದುಳಿದವರು ಅನ್ನೋಕಾಗಲ್ಲ, ಸರಾಸರಿಗಿಂತ ಬಹಳ ಕೆಳಗಿರಬೇಕು. ಬಂಗಡೆ ಬುಟ್ಟಿಯ ವಿವೇಕ ಇದೇ. ಸಾವಿರಕ್ಕೆ 0.2 ವ್ಯತ್ಯಾಸ ಹಿಡಿದು ಜಗಳ ಆಡೋರು ಎಲ್ಲ ಕಡೆ ಇರ್ತಾರೆ. ಆ ಜಗಳದ ಗದ್ದಲದಲ್ಲಿ ಸರಾಸರಿಯಿಂದ ಎಷ್ಟೋ ಕೆಳಗೆ ಬಿದ್ದವರ ದನಿ ಕೇಳೋದೇ ಇಲ್ಲ.

ಈಗ ನಮ್ಮೊಳಗಿನ ದೂರ

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಪರಿಶಿಷ್ಟ ಜಾತಿಗಳೊಳಗೆ ಉಪವರ್ಗ ಮಾಡಬಹುದು ಅಂತ 6-1ರಲ್ಲಿ ತೀರ್ಪು ಕೊಟ್ಟಿತು. ಅಂಕಿಅಂಶದ ಆಧಾರ ಬೇಕು ಅಂತಲೂ ಹೇಳಿತು. ನಮ್ಮಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 101 ಜಾತಿಗಳ ಸಮೀಕ್ಷೆ ಮಾಡಿ 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. 17%ನ್ನು ಐದು ಗುಂಪಿಗೆ ಹಂಚಿ, ಅತ್ಯಂತ ಹಿಂದುಳಿದ 59 ಸಣ್ಣ, ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ 1% ಇಡಬೇಕು ಅಂದಿತ್ತು. ಆಗಸ್ಟ್ 19ರಂದು ಸರ್ಕಾರ ಐದನ್ನು ಮೂರು ಮಾಡಿತು: 6, 6, 5. ಆ 59 ಸಮುದಾಯಗಳು ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ 5%ರಲ್ಲಿ ಸೇರಿದವು.

ಇಲ್ಲಿ ಅಳತೆಯ ಪಾಠ ಬೇಕು. ಗುಂಪು ಕಟ್ಟೋದು ಅಂದ್ರೆ "ಇವರೆಲ್ಲ ಒಬ್ಬರಿಗೊಬ್ಬರು ಹತ್ತಿರ" ಅಂತ ಘೋಷಣೆ ಮಾಡೋದು. 'ಅ' 'ಆ'ಗೆ ಹತ್ತಿರ, 'ಆ' 'ಇ'ಗೆ ಹತ್ತಿರ ಅಂದ ಮಾತ್ರಕ್ಕೆ 'ಅ' 'ಇ'ಗೆ ಹತ್ತಿರ ಆಗಲ್ಲ. ಸರಪಳಿ ಹಾಕುತ್ತಾ ಹೋದರೆ ಕೊನೆಯ ಕೊಂಡಿ ಎಲ್ಲೋ ಇರುತ್ತೆ. ಶಾಲೆಯ ಮೆಟ್ಟಿಲನ್ನೇ ಕಾಣದ, ಊರಿಗೊಂದು ಟೆಂಟ್ ಹಾಕೋ ಅಲೆಮಾರಿಯನ್ನು ಶಾಸಕರನ್ನು ಕೊಟ್ಟ ಸಮುದಾಯದ ಜೊತೆ ಒಂದೇ ಬುಟ್ಟಿಗೆ ಹಾಕಿದರೆ, ಬುಟ್ಟಿಯ ಸರಾಸರಿ ಚೆನ್ನಾಗೇ ಕಾಣುತ್ತೆ. ಬುಟ್ಟಿಯ ತಳದ ಮೀನು ಕೊಳೀತಾ ಇರುತ್ತೆ. ನಾನು ಲಂಬಾಣಿ, ಭೋವಿ ಬಂಧುಗಳ ವಿರುದ್ಧ ಮಾತಾಡ್ತಿಲ್ಲ. ಅವರ ಬಡವರೂ ನಮ್ಮವರೇ. ಪ್ರಶ್ನೆ ಇರೋದು ಬುಟ್ಟಿ ಹೆಣೆದವರಿಗೆ: ಯಾವ ಕಾಲಂ ನೋಡಿ ಇವರನ್ನು ಹತ್ತಿರ ಅಂದಿರಿ?

ನಮ್ಮ ಜಿಲ್ಲೆಗೆ ಇದು ಇನ್ನೂ ಹೆಚ್ಚು ಮುಖ್ಯ. ಮುಕ್ರಿ, ಹಳ್ಳೇರ, ಆಗೇರ, ಹಸ್ಲರಂಥ ಸಣ್ಣ ಸಮುದಾಯಗಳು ಬೆಂಗಳೂರಿನ ಸಮಾವೇಶದಲ್ಲಿ ಕುರ್ಚಿ ತುಂಬಿಸೋಕಾಗಲ್ಲ. ತಲೆ ಎಣಿಸಿದರೆ ಕಾಣಲ್ಲ. ಅವರಿಗೆ ಇರೋ ಒಂದೇ ದನಿ ಸರಿಯಾದ ಅಳತೆ.

ಇನ್ನೊಂದು ಮಾತು, ಭಟ್ಕಳದವರಿಗೆ ಚೆನ್ನಾಗಿ ಗೊತ್ತಿರೋದು. ಪರಿಶಿಷ್ಟರ ಪಟ್ಟಿಯ 'ಮೊಗೇರ' ಅನ್ನೋ ಹೆಸರು ಮೊದಲು ಹಳೇ ಮದ್ರಾಸ್ ಭಾಗಕ್ಕೆ, ದಕ್ಷಿಣ ಕನ್ನಡದ ಕಡೆಗೆ ಸೀಮಿತವಾಗಿತ್ತು. 1976ರ ತಿದ್ದುಪಡಿ ಕಾಯ್ದೆ ಪ್ರದೇಶದ ಗಡಿಯನ್ನು ತೆಗೆದುಹಾಕಿತು. ನಮ್ಮ ಕಡಲ ತಡಿಯಲ್ಲಿ ಮೀನುಗಾರಿಕೆ ಮಾಡೋ ಸಮುದಾಯಕ್ಕೂ ಅದೇ ಹೆಸರು. ಸರ್ಟಿಫಿಕೇಟಿನ ಜಗಳ ಅಲ್ಲಿಂದ ಶುರುವಾಗಿ ಇವತ್ತಿಗೂ ಉರೀತಾ ಇದೆ. ಎರಡು ಪ್ರಾಂತ್ಯ, ಎರಡು ಪುಸ್ತಕ ಅಂತ ಮೊದಲೇ ಹೇಳಿದ್ದು ಇದಕ್ಕೇ. ಕಡಲಿನ ಕಷ್ಟ ಸುಳ್ಳಲ್ಲ, ಮೀನುಗಾರ ಅಣ್ಣತಮ್ಮಂದಿರ ಬಡತನಕ್ಕೆ ಸರ್ಕಾರ ಉತ್ತರ ಕೊಡಲೇಬೇಕು. ಆದ್ರೆ ಹೆಸರಿನ ಅಕ್ಷರ ಹೊಂದೋದು ಒಂದು ಅಳತೆ, ಬಾವಿಯಿಂದ ಓಡಿಸಿಕೊಂಡ ಅನುಭವ ಹೊಂದೋದು ಬೇರೆ ಅಳತೆ. 1931ರ ಪ್ರಶ್ನೆಗಳನ್ನೇ ಇಟ್ಟುಕೊಂಡು ಶಾಂತವಾಗಿ ಕೂತು ಮಾತಾಡಿದರೆ ಕಲ್ಲು ಎತ್ತೋ ಅಗತ್ಯ ಬೀಳಲ್ಲ.

ಕೇಳಬೇಕಾದ ಮೂರು ಪ್ರಶ್ನೆ

ಇನ್ನು ಮುಂದೆ ಯಾರೇ ಆಗಲಿ, ಸರ್ಕಾರವಾಗಲಿ, ಆಯೋಗವಾಗಲಿ, ನಮ್ಮದೇ ಸಂಘಟನೆಯ ನಾಯಕರಾಗಲಿ, "ಇವರು ಹತ್ತಿರ, ಅವರು ದೂರ" ಅಂದಾಗ ಮೂರು ಪ್ರಶ್ನೆ ಕೇಳಿ.

1. ಏನನ್ನು ಅಳೆದಿರಿ? ಹೆಸರು, ರಕ್ತ, ಮೂಲದ ಕತೆಯನ್ನೋ, ಅಥವಾ ಶಾಲೆ, ಭೂಮಿ, ನೌಕರಿ, ನೀರು, ಮದುವೆಯನ್ನೋ?
2. ಗುಂಪಿನೊಳಗಿನ ಹರವು ಎಷ್ಟು? ಸರಾಸರಿ ಬೇಡ, ತಳದಲ್ಲಿ ಇರೋರು ಎಲ್ಲಿದ್ದಾರೆ ತೋರಿಸಿ.
3. ದೂರದ ದಿಕ್ಕು ಯಾವುದು? ಯಾರು ದೂರ ಸರಿದರು, ಯಾರನ್ನು ದೂರ ಇಟ್ಟರು?

ನಮ್ಮ ಹೆಬಳೆಯಲ್ಲಾಗಲಿ ಕುಮಟೆಯಲ್ಲಾಗಲಿ, ಸಮೀಕ್ಷೆಗೆ ಮನೆಗೆ ಬಂದವರಿಗೆ ಜಾತಿ ಹೆಸರು ಹೇಳಿ ಬಾಗಿಲು ಹಾಕಬೇಡಿ. ಉಪಜಾತಿ, ಓದು, ಭೂಮಿ, ಕೆಲಸ ಎಲ್ಲ ಕಾಲಂ ಸರಿಯಾಗಿ ತುಂಬಿಸಿ. ಓದೋಕೆ ಬಾರದ ಅಜ್ಜಿಯ ಮನೆಯಿದ್ದರೆ ನಮ್ಮ ಹುಡುಗರು ಹೋಗಿ ಪಕ್ಕದಲ್ಲಿ ಕೂರಲಿ. ನೂರು ವರ್ಷ ಬೇರೆಯವರು ನಮ್ಮನ್ನು ಅಳೆದರು. ಕೋಲು ಕಿತ್ತುಕೊಳ್ಳೋದು ಹೇಗೆ ಅಂತ ಬಾಬಾಸಾಹೇಬರು 1948ರಲ್ಲೇ ತೋರಿಸಿದ್ದಾರೆ.

ಜೈ ಭೀಮ್. ಓದಿದವರು ಹಂಚಿಕೊಳ್ಳಿ, ಒಪ್ಪದವರು ಕಾಮೆಂಟಿನಲ್ಲಿ ವಾದ ಮಾಡಿ, ಬೈಗುಳ ಬೇಡ.